ಬಾಕ್ಸಿಗೆ ಹಿಡಿಸದ ಸಾಲು

ಮಾರ್ಚ್ ೪

ರೀ,

ಹೋದ ಪತ್ರದಲ್ಲಿ ಮನೆಯ ವಿಷಯ ಕೇಳಿದ್ದಿರಿ. ಮನೆ ಇದೆ. ಮಗಳು ನಿಮ್ಮ ಅಕ್ಕನ ಮನೆಯಲ್ಲಿದ್ದಾಳೆ, ಅಲ್ಲಿಂದಲೇ ಶಾಲೆಗೆ ಹೋಗುತ್ತಾಳೆ. ಸದ್ಯಕ್ಕೆ ಇಷ್ಟು ಸಾಕು. ಇವತ್ತು ಬರೆಯುತ್ತಿರುವುದು ಬೇರೆ ಕಾರಣಕ್ಕೆ.

ವಕೀಲರು ಕರೆಸಿದ್ದರು. ಮೇಲ್ಮನವಿಯ ಜೊತೆಗೆ ಒಂದು ಪುಸ್ತಕ ಕೊಡಬೇಕಂತೆ. ತೀರ್ಪು, ಸಾಕ್ಷಿಗಳ ಹೇಳಿಕೆ, ನಿಮ್ಮ ಹೇಳಿಕೆ, ಲೇಬಲ್ಲಿನ ಚಿತ್ರಗಳು, ನಾವು ತೀರ್ಪನ್ನು ಒಪ್ಪದಿರಲು ಕಾರಣಗಳು, ಎಲ್ಲವನ್ನೂ ಒಂದೇ ಅಳತೆಯ ಪುಟದಲ್ಲಿ ಕೂರಿಸಿ, ಪುಟಸಂಖ್ಯೆ ಹಾಕಿ, ಹೊಲಿದು, ಜೂನ್ ಮುಗಿಯುವುದರೊಳಗೆ ಕೊಡಬೇಕು. ದಾಟಿದರೆ ಮೇಲ್ಮನವಿಯೇ ಇಲ್ಲ. ತೀರ್ಪಿನಲ್ಲಿ ಬರೆದಷ್ಟು ವರ್ಷವನ್ನೂ ನೀವು ಆ ಜೈಲಿನಲ್ಲೇ ಕಳೆಯಬೇಕು.

ಹೊರಗೆ ಮಾಡಿಸೋಣವೆಂದು ಹೊರಟೆ. ಬಸ್ ನಿಲ್ದಾಣದ ಹಿಂದಿನ ಅಂಗಡಿಯವರು ಹಾಳೆಗಳನ್ನು ತಿರುವುತ್ತ ಬಂದರು. ಲೇಬಲ್ಲಿನ ಚಿತ್ರ ಬಂದ ಕೂಡಲೇ ಕಟ್ಟನ್ನು ಮುಚ್ಚಿ ನನ್ನ ಕಡೆ ತಳ್ಳಿದರು. "ಅಕ್ಕಾ, ತಪ್ಪು ತಿಳ್ಕೋಬೇಡಿ. ನಮ್ಮ ಮಿಷನ್ ಮೇಲೆ ಇದು ಬೇಡ." ಇನ್ನೊಂದು ಅಂಗಡಿಯವನು ನಿಮ್ಮ ಹತ್ತಿರವೇ ಕೆಲಸ ಕಲಿತವನು. ಅವನು ಕುರ್ಚಿ ಒರೆಸಿ ಕೂರಿಸಿದ, ಟೀ ತರಿಸಿದ, ಮಗಳನ್ನು ವಿಚಾರಿಸಿದ. ಕೆಲಸ ಮಾತ್ರ ತೆಗೆದುಕೊಳ್ಳಲಿಲ್ಲ.

ತಿರುಗಿ ವಕೀಲರ ಹತ್ತಿರ ಹೋದೆ. "ಅಲ್ಲಮ್ಮಾ, ಮನೇಲೇ ಡಿಟಿಪಿ ಅಂಗಡಿ ಇಟ್ಕೊಂಡಿದ್ದೋರು ಬೀದಿ ಸುತ್ತುತಾ ಇದ್ದೀರಲ್ಲ! ನೀವೇ ಕೂತ್ಕೊಳ್ಳಿ" ಅಂದರು.

"ನಾನು ಗಿರಾಕಿಗಳ ಹತ್ರ ಮಾತಾಡೋಕೆ, ಬಿಲ್ ಬರೆಯೋಕೆ ಮಾತ್ರ ಸಾರ್. ಪುಟ ಕಟ್ಟೋದೆಲ್ಲ ಅವರೇ."

"ಕೇಳಿ ಬರೆಸ್ಕೊಳ್ಳಿ. ಅವರೇನು ಎಲ್ಲಾದ್ರೂ ಎದ್ದು ಹೋಗ್ತಾರಾ?" ಎಂದು ನಕ್ಕರು. ನಗು ಮುಗಿದ ಮೇಲೆ ಕನ್ನಡಕ ತೆಗೆದು ಬಹಳ ಹೊತ್ತು ಒರೆಸಿದರು.

ನಿಮ್ಮ ಕಂಪ್ಯೂಟರ್ ಯಂತ್ರ ಇನ್ನೂ ಪೊಲೀಸರ ಬಳಿಯೇ ಇದೆ. ನಿಮ್ಮ ಅಕ್ಕ ಅವರ ಆಫೀಸಿನಲ್ಲಿ ಮೂಲೆಗೆ ಹಾಕಿದ್ದ ಒಂದನ್ನು ಕೊಡಿಸಿದ್ದಾರೆ. ಅದಕ್ಕೆ ನೀವು ಬಳಸುತ್ತಿದ್ದ ತಂತ್ರಾಂಶವನ್ನೇ ಹಾಕಿಸಿದೆ. ವಕೀಲರು ಕೊಟ್ಟ ಫೈಲನ್ನು ತಂದು ಅದರೊಳಗೆ ಇಟ್ಟರೆ ಅರ್ಧ ಅಕ್ಷರಗಳು ಚೌಕಗಳಾಗಿವೆ, ಉಳಿದರ್ಧದಲ್ಲಿ ಒತ್ತಕ್ಷರಗಳೆಲ್ಲ ಕೆಳಗಿಳಿಯದೆ ಪಕ್ಕದಲ್ಲಿ ಬಂದು ನಿಂತಿವೆ. ಭೇಟಿಗೆ ಬಂದು ಕೇಳೋಣವೆಂದರೆ ಜಾಲರಿಯ ಎರಡು ಕಡೆಯೂ ಎಲ್ಲರೂ ಕೂಗುತ್ತಿರುತ್ತಾರೆ. ಯಾವ ಗುಂಡಿ ಒತ್ತಬೇಕೆಂದು ಆ ಗಲಾಟೆಯಲ್ಲಿ ಹೇಳಲಾಗದು. ಬರೆದು ಕಳಿಸಿ.

ಲೇಬಲ್ಲಿನ ಚಿತ್ರಗಳು ಎರಡಿವೆ. ಔಷಧಿ ಕಂಪನಿಯವರು ನೋಡಿ ಸಹಿ ಹಾಕಿದ ಕರಡು ಪ್ರೂಫಿನಲ್ಲಿ, ಕೆಳಗೆ, ‘ಎರಡು ವರ್ಷದೊಳಗಿನ ಮಕ್ಕಳಿಗೆ ಕೊಡಬಾರದು’ ಎಂಬ ಸಾಲಿದೆ. ಬಾಟಲಿಗೆ ಅಂಟಿಸಿದ ಲೇಬಲ್ಲಿನಲ್ಲಿ ಇಲ್ಲ. ನಡುವೆ ಕಂಪನಿಯ ವಿಳಾಸ ಬದಲಾಗಿ ನೀವು ಮೇಲೊಂದು ಸಾಲು ಸೇರಿಸಿದ್ದಿರಿ, ಅಷ್ಟೇ. ಆ ಔಷಧಿ ಕುಡಿದು ತೀರಿಕೊಂಡ ಮಗುವಿನ ವಯಸ್ಸನ್ನು ಒಬ್ಬೊಬ್ಬ ಸಾಕ್ಷಿ ಒಂದೊಂದು ರೀತಿ ಹೇಳಿದ್ದಾರೆ. ಯಾರೂ ಎರಡು ದಾಟಿಸಿಲ್ಲ.

ಈ ಪತ್ರವನ್ನು ನಿಮಗಿಂತ ಮೊದಲು ಅಲ್ಲಿಯ ಅಧಿಕಾರಿಗಳು ಓದುತ್ತಾರೆಂದು ಗೊತ್ತು. ಒತ್ತಕ್ಷರದ ವಿಷಯ ಅವರಿಗೇ ತಿಳಿದಿದ್ದರೆ ಉತ್ತರವನ್ನು ಅವರೇ ಬರೆದರೂ ನಡೆಯುತ್ತದೆ.

ನಿಮ್ಮವಳು


ಮಾರ್ಚ್ ೧೯

ಇವಳೇ,

ನಿನ್ನ ಪತ್ರ ಓದುವಾಗ ಬಲಗೈ ತಾನಾಗಿ ಬೆಂಚಿನ ಮೇಲೆ ಮೌಸ್ ಹುಡುಕಿತು. ಪಕ್ಕದವನು ಏನು ತಡಕಾಡುತ್ತಿದ್ದೀಯೆಂದು ಕೇಳಿದ.

ಅಕ್ಷರ ಚೌಕವಾಗಿದ್ದರೆ ಆ ಯಂತ್ರದಲ್ಲಿ ಫಾಂಟ್ ಇಲ್ಲವೆಂದು ಅರ್ಥ. ಒತ್ತಕ್ಷರ ಪಕ್ಕಕ್ಕೆ ಬಂದಿದ್ದರೆ ಫಾಂಟ್ ಇದೆ, ಜೋಡಿಸುವ ಬಗೆ ತಪ್ಪಿದೆ. ಎರಡೂ ಬೇರೆ ಬೇರೆ ರೋಗ. ಮೊದಲನೆಯದಕ್ಕೆ ಮೇಲಿನ ‘ಟೈಪ್’ ಪಟ್ಟಿಗೆ ಹೋಗಿ ‘ಫೈಂಡ್ ಫಾಂಟ್’ ಒತ್ತು. ಹಳದಿ ತ್ರಿಕೋನ ಯಾವ ಹೆಸರಿನ ಪಕ್ಕದಲ್ಲಿದೆಯೋ ಅದನ್ನು ಆರಿಸಿ, ಕೆಳಗೆ ನಿನ್ನಲ್ಲಿರುವ ಫಾಂಟಿನ ಹೆಸರು ಕೊಟ್ಟು, ಎಲ್ಲವನ್ನೂ ಬದಲಿಸು. ಎರಡನೆಯದಕ್ಕೆ ಎಲ್ಲ ಅಕ್ಷರಗಳನ್ನೂ ಆರಿಸಿಕೊಂಡು ಪ್ಯಾರಾಗ್ರಾಫ್ ಪ್ಯಾನೆಲ್ಲಿನ ಬಲಮೂಲೆಯಲ್ಲಿರುವ ಮೂರು ಗೆರೆಗಳನ್ನು ಒತ್ತು. ಕಂಪೋಸರ್ ಎಂದು ಕೆಲವು ಸಾಲುಗಳು ಬರುತ್ತವೆ. ‘ವರ್ಲ್ಡ್ ರೆಡಿ’ ಎಂದಿರುವುದನ್ನು ಹಿಡಿ. ಒತ್ತಕ್ಷರಗಳು ತಮ್ಮ ಜಾಗಕ್ಕೆ ಇಳಿಯುತ್ತವೆ.

ನಿನಗೆ ತಿಳಿಯಲೆಂದು ಇಡೀ ಪರದೆಯನ್ನು ಗೆರೆಹಾಳೆಯ ಮೇಲೆ ಬರೆದಿದ್ದೇನೆ. ಇದರಿಂದ ಪತ್ರ ಒಂದು ವಾರ ತಡವಾಯಿತು. ಅಧಿಕಾರಿ ಕರೆಸಿದರು. "ಏನಯ್ಯಾ ಇದು, ಗೋಡೆ ಹಾರೋ ನಕ್ಷೆನಾ?"

"ಅಲ್ಲ ಸಾರ್, ಪ್ಯಾರಾಗ್ರಾಫ್ ಪ್ಯಾನೆಲ್ಲು."

"ಅದ್ಯಾವ ಬ್ಲಾಕಲ್ಲಿದೆ?"

ನಾನು ವಿವರಿಸಿದೆ. ಅವರು ಕೇಳಿಸಿಕೊಂಡರು. ಕೊನೆಗೆ ನನ್ನನ್ನು ನಂಬಿದ್ದರಿಂದಲ್ಲ, ಬೇಸರವಾಗಿ ಬಿಟ್ಟರು.

ಇನ್ನೊಂದು ಮಾತು. ಓದಬೇಡ. ಈ ಕೆಲಸದಲ್ಲಿ ಮೊದಲು ಕಲಿಯುವುದು ಇದನ್ನೇ. ಓದಲು ಶುರುಮಾಡಿದರೆ ಅರ್ಥ ನಿನ್ನನ್ನು ಎಳೆದುಕೊಂಡು ಹೋಗುತ್ತದೆ, ಪುಟ ಕೈ ತಪ್ಪುತ್ತದೆ. ಕಣ್ಣನ್ನು ಸ್ವಲ್ಪ ಕಿರಿದು ಮಾಡಿ ನೋಡು. ಪುಟ ಒಂದು ಬೂದುಬಣ್ಣದ ಚೌಕವಾಗಿ ಕಾಣಬೇಕು. ಎಲ್ಲಿ ಕಪ್ಪು ಹೆಚ್ಚಾಗಿದೆ, ಎಲ್ಲಿ ಬಿಳಿ ಹರಿದುಹೋಗಿದೆ, ಅಷ್ಟನ್ನೇ ನೋಡಿಕೊ. ಹುಟ್ಟುಹಬ್ಬದ ಕಾರ್ಡಾದರೂ ಸಾವಿನ ಪ್ರಕಟಣೆಯಾದರೂ ಬೂದು ಒಂದೇ. ಇಷ್ಟು ವರ್ಷ ನಾನು ಹೀಗೆಯೇ ದುಡಿದದ್ದು.

ಸಾಕ್ಷಿ ಹೇಳಿಕೆಗಳನ್ನಂತೂ ಓದಲೇಬೇಡ.

ನಿನ್ನವನು


ಏಪ್ರಿಲ್ ೫

ರೀ,

ಒತ್ತಕ್ಷರಗಳು ಇಳಿದವು. ಒಂದೇ ಸಲಕ್ಕೆ ಇಳಿದಾಗ ನಾನು ಕುರ್ಚಿಯಲ್ಲಿ ಹಿಂದಕ್ಕೊರಗಿ ಕೂತುಬಿಟ್ಟೆ. ಎಷ್ಟೋ ದಿನಗಳ ಮೇಲೆ ಏನೋ ಒಂದು ಹೇಳಿದ ಮಾತು ಕೇಳಿತ್ತು.

ಅದೇ ಹುಮ್ಮಸ್ಸಿನಲ್ಲಿ ಪುಟಗಳನ್ನೆಲ್ಲ ಕಟ್ಟಿ, ವಕೀಲರಿಂದ ಪರಿವಿಡಿಗೆ ಸಹಿ ಮುದ್ರೆ ಹಾಕಿಸಿ, ಪುಸ್ತಕವನ್ನು ನ್ಯಾಯಾಲಯದ ಕಚೇರಿಗೆ ಒಯ್ದೆ. ಗುಮಾಸ್ತರು ಹೆಬ್ಬೆರಳಿಗೆ ನೀರು ಹಚ್ಚಿಕೊಂಡು ಪುಟ ತಿರುವಿದರು. ಎರಡು ತಪ್ಪು ಹಿಡಿದರು. ಚಿತ್ರಗಳು ಮುಗಿದ ಮೇಲೆ ಪುಟಸಂಖ್ಯೆ ಮತ್ತೆ ಒಂದರಿಂದ ಶುರುವಾಗಿದೆ. ಇನ್ನೊಂದು, ಒಳಗಿನ ಮಾರ್ಜಿನ್ ಸಾಲದು.

"ಹೊಲಿದ್ರೆ ನಿಮ್ಮ ಸಾಕ್ಷಿಗಳೆಲ್ಲ ಹೊಲಿಗೆ ಒಳಗೆ ಹೋಗಿ ಕೂತ್ಕೋತಾರಲ್ಲಮ್ಮ! ಸಾಹೇಬರು ಪುಸ್ತಕ ಹರಿದು ಓದಬೇಕಾ?"

ಹಿಂದೆ ಸಾಲಿನಲ್ಲಿ ನಿಂತವರು ನಕ್ಕರು. ಪುಸ್ತಕ ವಾಪಸ್ಸು. ಪರಿವಿಡಿಯಲ್ಲಿ ಸಂಖ್ಯೆಗಳು ಸಾಲಾಗಿ ಸರಿಯಾಗಿಯೇ ಇದ್ದುದರಿಂದ ಅದನ್ನು ಮಾತ್ರ ಅವರು ದಾಖಲಿಸಿಕೊಂಡುಬಿಟ್ಟಿದ್ದಾರೆ. ಹಾಗಾಗಿ ಯಾವ ಹೇಳಿಕೆ ಯಾವ ಪುಟದಲ್ಲಿದೆಯೋ ಅದು ಇನ್ನು ಅಲ್ಲಾಡುವಂತಿಲ್ಲ. ಮಾರ್ಜಿನ್ ಹೇಗೆ ಹೆಚ್ಚಿಸುವುದು, ಸಂಖ್ಯೆ ಹೇಗೆ ಸರಿಪಡಿಸುವುದು, ಬೇಗ ತಿಳಿಸಿ.

ಕಣ್ಣು ಕಿರಿದು ಮಾಡಿ ನೋಡಿದೆ. ಸ್ವಲ್ಪ ಹೊತ್ತು ಬೂದುಬಣ್ಣ ಇರುತ್ತದೆ. ಆಮೇಲೆ ಒಂದು ಪದ ಎದ್ದು ಬರುತ್ತದೆ. ‘ಚಮಚ.’ ‘ತೊಡೆ ಮೇಲೆ.’ ಅದರ ಹಿಂದೆ ಉಳಿದವೂ ಬರುತ್ತವೆ. ನಿಮಗೆ ಹೇಗೆ ಸಾಧ್ಯವಾಗುತ್ತಿತ್ತೋ ತಿಳಿಯದು. ನಮ್ಮಂಥವರಿಗೆ ಅಕ್ಷರ ಕಂಡರೆ ಓದಿಸಿಕೊಂಡುಬಿಡುತ್ತದೆ.

ಓದುತ್ತ ಆ ಮಗುವಿನ ತಾಯಿಯ ಹೇಳಿಕೆಯವರೆಗೆ ಬಂದು ನಿಲ್ಲಿಸಿದ್ದೇನೆ. ವಿಚಾರಣೆಯ ದಿನಗಳಲ್ಲಿ ನಾನು ಹೊರಗಿನ ಕಲ್ಲುಬೆಂಚಿನ ಮೇಲೆ ಕೂತಿರುತ್ತಿದ್ದೆ. ಅವಳು ಒಳಗೆ ಏನು ಹೇಳಿದಳೆಂದು ನೀವೂ ಹೇಳಲಿಲ್ಲ, ನಾನೂ ಕೇಳಲಿಲ್ಲ.

ನಿಮ್ಮವಳು


ಏಪ್ರಿಲ್ ೧೮

ಇವಳೇ,

ಮಾರ್ಜಿನ್ ವಿಷಯದಲ್ಲಿ ತಪ್ಪು ನನ್ನದು, ಮೊದಲೇ ಹೇಳಬೇಕಿತ್ತು. ‘ಡಾಕ್ಯುಮೆಂಟ್ ಸೆಟಪ್’ ತೆರೆದು ‘ಫೇಸಿಂಗ್ ಪೇಜಸ್’ ಎಂಬುದರ ಮುಂದೆ ಗುರುತು ಹಾಕು. ಆಗ ಎಡ ಬಲ ಎನ್ನುವುದು ಹೋಗಿ ಒಳಗೆ ಹೊರಗೆ ಎಂದಾಗುತ್ತದೆ. ಒಳಗಿನದನ್ನು ಮೂವತ್ತೈದು ಮಿಲಿಮೀಟರ್ ಮಾಡು. ಇದನ್ನು ಮಾಸ್ಟರ್ ಪೇಜಿನ ಮೇಲೆ ಮಾಡಬೇಕು, ಬಿಡಿ ಪುಟದ ಮೇಲಲ್ಲ. ಮಾಸ್ಟರ್ ಪೇಜ್ ಎಂದರೆ ಎಲ್ಲ ಪುಟಗಳ ಅಡಿಯಲ್ಲೂ ಕಾಣದೆ ಇರುವ ಪುಟ. ಅಲ್ಲಿ ಏನು ಬದಲಿಸಿದರೂ ಎಲ್ಲ ಪುಟಗಳಿಗೂ ತಾಗುತ್ತದೆ. ಸಂಖ್ಯೆಗೆ, ಚಿತ್ರಗಳ ನಂತರದ ಪುಟದ ಮೇಲೆ ಬಲಗುಂಡಿ ಒತ್ತಿ ‘ಸೆಕ್ಷನ್’ ತೆರೆದು ಹಿಂದಿನದರಿಂದ ಮುಂದುವರಿಸು ಎಂದು ಕೊಡು.

ಈ ಎರಡನೆಯದು ನೆನಪಿಗೆ ಬರಲು ಮೂರು ದಿನ ಹಿಡಿಯಿತು. ‘ಸೆಕ್ಷನ್’ ಯಾವ ಪಟ್ಟಿಯ ಕೆಳಗಿತ್ತೆಂದು ಮರೆತುಹೋಗಿತ್ತು. ಅನ್ನ ತಿನ್ನುವಾಗ, ಸಾಲಿನಲ್ಲಿ ನಿಂತಾಗ, ಪಟ್ಟಿಗಳನ್ನು ಮೊದಲಿಂದ ಹೇಳಿಕೊಳ್ಳುತ್ತಿರುತ್ತೇನೆ. ಫೈಲ್, ಎಡಿಟ್, ಲೇಔಟ್, ಟೈಪ್. ನಿನ್ನೆ ‘ಲೇಔಟ್’ ಆದ ಮೇಲೆ ಏನೂ ಬರಲಿಲ್ಲ. ಬರೀ ಗೋಡೆ. ಇಲ್ಲಿ ಮನುಷ್ಯರು ಮೊದಲು ಮರೆಯುವುದು ಮುಖಗಳನ್ನಂತೆ. ನನಗೆ ಮೆನುಗಳು ಹೋಗುತ್ತಿವೆ. ಇವೂ ಹೋದರೆ ನಾನು ನಿನಗೆ ಯಾವ ಕೆಲಸಕ್ಕೂ ಬಾರದವನು. ಈಗಲೇ ಎಷ್ಟು ಬರುತ್ತೇನೆ, ಅದು ಬೇರೆ ಮಾತು.

ಪಕ್ಕದ ಕೊಠಡಿಯಲ್ಲೊಬ್ಬ ಹಳಬನಿದ್ದಾನೆ. ಮೇಲ್ಮನವಿ ಹಾಕುವುದರಲ್ಲೇ ಕೂದಲು ನರೆತಿದೆ. ಗಡುವು ದಾಟಿದ ಒಬ್ಬನ ಕಥೆ ಹೇಳಿದ. ಆತ ಈಗಲೂ ಇಲ್ಲೇ ಇದ್ದಾನೆ, ತೋಟಕ್ಕೆ ನೀರು ಹಾಕುತ್ತಾನೆ, ಯಾರು ಏನು ಕೇಳಿದರೂ ನಗುತ್ತಾನೆ. ನಾನು ಅವನ ಕಡೆ ನೋಡುವುದನ್ನು ಬಿಟ್ಟಿದ್ದೇನೆ.

ದಯವಿಟ್ಟು ಓದುತ್ತ ಕೂರಬೇಡ. ಪುಟ ಕಟ್ಟು. ಮುಗಿಸು. ನನ್ನನ್ನು ಇಲ್ಲಿಂದ ತೆಗೆ.

ನಿನ್ನವನು


ಮೇ ೬

ರೀ,

ಮಾರ್ಜಿನ್ ಹೆಚ್ಚಾಯಿತು. ಸಂಖ್ಯೆಗಳೂ ಸರಿಯಾದವು. ಆದರೆ ಈಗ ಸಾಲುಗಳು ಗಿಡ್ಡವಾಗಿ ಎಲ್ಲ ಉದ್ದಕ್ಕೆ ಬೆಳೆದಿದೆ. ಪ್ರತಿ ಹೇಳಿಕೆಯ ಕೊನೆಯ ಒಂದೆರಡು ಸಾಲು ಅಕ್ಷರ ಕೂರುವ ಬಾಕ್ಸಿನೊಳಗೆ ಹಿಡಿಸುತ್ತಿಲ್ಲ. ಬಾಕ್ಸಿನ ಕೆಳಮೂಲೆಯಲ್ಲಿ ಒಂದು ಸಣ್ಣ ಕೆಂಪು ಕೂಡಿಸುವ ಗುರುತು ಬರುತ್ತದೆ. ಇನ್ನೂ ಇದೆ, ಜಾಗವಿಲ್ಲ ಎಂದು ಅದರ ಅರ್ಥವೆಂದು ನಾನೇ ಊಹಿಸಿಕೊಂಡೆ.

ಆ ಗುರುತಿನ ವಿಷಯ ತೀರ್ಪಿನಲ್ಲೂ ಬರುತ್ತದೆ. ಗೆರೆಗಳನ್ನೆಲ್ಲ ಮರೆಮಾಡಿ ಕೆಲಸ ಮಾಡುವವರಿಗೆ ಅದು ಕಾಣದೆ ಇರಬಹುದೆಂದು ನ್ಯಾಯಾಧೀಶರೇ ಒಪ್ಪಿದ್ದಾರೆ. ಆ ಭಾಗ ಓದಿ ನನಗೆ ಸಮಾಧಾನವಾಗಿತ್ತು.

ಹೇಗಿದೆಯೋ ನೋಡೋಣವೆಂದು ಪಿಡಿಎಫ್ ಮಾಡಲು ಹೋದೆ. ಪರದೆಯ ನಡುವೆ ಒಂದು ಪೆಟ್ಟಿಗೆ ಎದ್ದು ನಿಂತಿತು. ಇಂತಿಂಥ ಪುಟಗಳಲ್ಲಿ ಅಕ್ಷರಗಳು ಹೊರಗುಳಿದಿವೆ, ಮುಂದುವರಿಯಲೇ ಎಂದು ಕೇಳಿತು. ಬೇಡ ಎಂದೆ. ಮತ್ತೆ ಮಾಡಿದೆ. ಮತ್ತೆ ಕೇಳಿತು. ಪ್ರತಿ ಸಲವೂ ಕೇಳುತ್ತದೆ. ಹೌದು ಎನ್ನದೆ ಮುಂದೆ ಬಿಡುವುದೇ ಇಲ್ಲ.

ಅರವತ್ತೊಂದನೆಯ ಪುಟದಲ್ಲಿ ನಿಮ್ಮ ಹೇಳಿಕೆ ಇದೆ. ಎಲ್ಲರೂ ಓದಬಹುದಾದ ದಾಖಲೆಯಾದ್ದರಿಂದ ಇಲ್ಲಿ ಬರೆಯಲು ಅಡ್ಡಿಯಿಲ್ಲ. ‘ಸಾಲು ಹೊರಗುಳಿದಿದ್ದರೆ ತಂತ್ರಾಂಶವೇ ಎಚ್ಚರಿಸಬೇಕಿತ್ತು. ನನ್ನ ಯಂತ್ರ ನನಗೆ ಏನನ್ನೂ ತೋರಿಸಲಿಲ್ಲ.’ ಮೇಲ್ಮನವಿಯ ನಾಲ್ಕನೆಯ ಕಾರಣವೂ ಇದೇ. ವಕೀಲರು ಅದಕ್ಕೆ ಹನ್ನೊಂದನೆಯ ಪುಟವನ್ನು ಪೂರ್ತಿ ಮೀಸಲಿಟ್ಟಿದ್ದಾರೆ. "ನಾಲ್ಕನೇದೇ ನಮ್ಮ ಕಾಲು ಕಣಮ್ಮಾ. ಉಳಿದ ಮೂರು ಬರೀ ಅಲಂಕಾರ. ತಂತ್ರಾಂಶ ಸುಮ್ಮನಿತ್ತು ಅಂತಾದ್ರೆ ಅವರು ಮನೆಗೆ ಬರ್ತಾರೆ" ಅಂದರು.

ಹಳೆಯ ಯಂತ್ರದಲ್ಲೂ ಆ ಪೆಟ್ಟಿಗೆ ಹೀಗೆ ಬರುತ್ತಿತ್ತೆ?

ಅಕ್ಕನ ಆಫೀಸಿನ ಯಂತ್ರವಾದ್ದರಿಂದ ಬೇರೆ ಇರಬಹುದು. ಅದಕ್ಕೇ ಕೇಳಿದೆ.

ನಿಮ್ಮವಳು


ಮೇ ೨೦

ಇವಳೇ,

ಅಕ್ಷರ ಹೊರಗುಳಿದರೆ ಗಾಬರಿ ಬೀಳಬೇಡ. ಇದು ದಿನನಿತ್ಯದ ರೋಗ. ಅಕ್ಷರದ ಅಳತೆಯನ್ನು ಅರ್ಧ ಪಾಯಿಂಟು ಇಳಿಸು, ಯಾರಿಗೂ ತಿಳಿಯುವುದಿಲ್ಲ. ಸಾಲದಿದ್ದರೆ ಪ್ಯಾರಾ ಆರಿಸಿ ಅಕ್ಷರಗಳ ನಡುವಿನ ಅಂತರವನ್ನು ಹತ್ತರಷ್ಟು ಕಡಿಮೆ ಮಾಡು, ಇಪ್ಪತ್ತರವರೆಗೂ ಹೋಗಬಹುದು. ಕೊನೆಯ ಸಾಲಿನಲ್ಲಿ ಒಂದೇ ಪದ ಇರುವ ಪ್ಯಾರಾಗಳನ್ನು ಹುಡುಕು. ಅವನ್ನು ಹಿಂಡಿದರೆ ಒಂದೊಂದು ಸಾಲು ಉಳಿಯುತ್ತದೆ. ಸಾಲೊಂದು ಮುಂದಿನ ಪುಟಕ್ಕೆ ಒಂಟಿಯಾಗಿ ಹೋಗದಂತೆ ನೋಡಿಕೊ. ಪುಟದ ಮೇಲೆ ಒಂಟಿ ಸಾಲು ಬಿಡುವವನಿಗೆ ಕೆಲಸ ಬರುವುದಿಲ್ಲವೆಂದೇ ಲೆಕ್ಕ.

ಆ ಪೆಟ್ಟಿಗೆ ಬಹಳ ಕಾಟ ಕೊಡುತ್ತದೆ, ಗೊತ್ತು. ಅದರ ಕೆಳಗೆ, ಎಡಗಡೆ, ಒಂದು ಚಿಕ್ಕ ಚೌಕವಿದೆ. ಪಕ್ಕದಲ್ಲಿ ‘ಮತ್ತೆ ತೋರಿಸಬೇಡ’ ಎಂದಿರುತ್ತದೆ. ಅದರಲ್ಲಿ ಗುರುತು ಹಾಕಿ ಹೌದು ಒತ್ತಿಬಿಡು. ಆಮೇಲೆ ಆ ಯಂತ್ರದಲ್ಲಿ ಅದು ಯಾವತ್ತೂ ಬರುವುದಿಲ್ಲ. ನಾನು ಅಂಗಡಿ ಹಾಕಿದ ಹೊಸತರಲ್ಲೇ ಒತ್ತಿದ್ದೆ. ದಿನಕ್ಕೆ ನಲವತ್ತು ಸಲ ಅದಕ್ಕೆ ಉತ್ತರ ಕೊಡುತ್ತ ಕೂತರೆ ಲೇಬಲ್ಲಿನ ಕೆಲಸ ಸಾಗುತ್ತದೆಯೇ?

ಜೂನ್ ಹತ್ತಿರ ಬರುತ್ತಿದೆ.

ನಿನ್ನವನು


ಜೂನ್ ೮

ಇವಳೇ,

ಉತ್ತರ ಬಂದಿಲ್ಲ. ಅಂಚೆ ತಡವಾಗಿರಬಹುದೆಂದು ಇಷ್ಟು ದಿನ ಕಾದೆ. ಅಧಿಕಾರಿಯನ್ನು ಕೇಳಿದೆ. "ನಿನ್ನ ಹೆಂಡತಿ ಪತ್ರ ಬಂದ್ರೆ ನಾನು ಇಟ್ಕೊಂಡು ಏನು ಉಪ್ಪಿನಕಾಯಿ ಹಾಕ್ಲಾ?" ಅಂದರು. ಬಂದಿಲ್ಲವೆಂದು ಆಣೆ ಮಾಡಿದರು.

ಅಂತರ ಹಿಂಡಿದ್ದು ಹೆಚ್ಚಾಗಿ ಅಕ್ಷರಗಳು ಒಂದರ ಮೇಲೊಂದು ಬಿದ್ದಿವೆಯೇ? ಹಾಗಾಗಿದ್ದರೆ ಶೀರ್ಷಿಕೆಯ ಮೇಲಿನ ಜಾಗವನ್ನು ಕಡಿಮೆ ಮಾಡು. ಫೈಲ್ ತೆರೆಯುವುದೇ ಇಲ್ಲವೇ? ಹೆಸರು ಬದಲಿಸಿ ಇನ್ನೊಂದು ಪ್ರತಿ ಉಳಿಸಿ ನೋಡು. ಪುಟಗಳು ಖಾಲಿ ಬರುತ್ತಿವೆಯೇ? ಲೇಯರ್ ಪ್ಯಾನೆಲ್ಲಿನಲ್ಲಿ ಕಣ್ಣಿನ ಚಿತ್ರ ಮುಚ್ಚಿದೆಯೇ ನೋಡು. ನಿನಗೆ ಏನಾಗಿದೆಯೆಂದು ತಿಳಿಯದೆ ಎಲ್ಲಕ್ಕೂ ಮದ್ದು ಬರೆಯುತ್ತಿದ್ದೇನೆ.

ಮಗಳಿಗೆ ಮೈ ಹುಷಾರಿದೆ ತಾನೆ?

ನಿನ್ನವನು


ಜೂನ್ ೧೯

ಇವಳೇ,

ಹೋದ ಪತ್ರವನ್ನು ನಾನು ಕಳಿಸಿದ್ದು ನಿಜವೇ ಎಂದು ಈಗ ಅನುಮಾನ. ಮೇ ತಿಂಗಳಲ್ಲಿ ಬರೆದದ್ದನ್ನು ನೆನಪಿನಲ್ಲಿ ಮತ್ತೆ ಮತ್ತೆ ಓದಿದೆ. ಅದರಲ್ಲಿ ತಪ್ಪೇನಿದೆಯೆಂದು ಮೊದಲು ಹೊಳೆಯಲಿಲ್ಲ. ಅಳತೆ, ಅಂತರ, ಒಂಟಿ ಸಾಲು, ಎಲ್ಲ ಸರಿಯಾಗಿಯೇ ಇತ್ತು. ಆಮೇಲೆ ಆ ಚಿಕ್ಕ ಚೌಕದ ಪ್ಯಾರಾಕ್ಕೆ ಬಂದೆ.

ನಾಳೆ ನಾಳೆ ಎಂದು ಮುಂದೂಡಿದರೆ ಗಡುವು ಮುಗಿದುಹೋಗುತ್ತದೆ. ಪುಸ್ತಕ ಕೊಟ್ಟೆಯೋ ಇಲ್ಲವೋ, ಅಷ್ಟು ತಿಳಿಸು. ಕೊಡುವುದಿಲ್ಲವೆಂದು ತೀರ್ಮಾನಿಸಿದ್ದರೆ ಅದನ್ನಾದರೂ ತಿಳಿಸು. ತೋಟಕ್ಕೆ ನೀರು ಹಾಕುವವನು ನಿನ್ನೆ ನನ್ನ ಕೈಗೆ ಪೈಪು ಕೊಟ್ಟು, ಹಿಡ್ಕೋ, ಅಭ್ಯಾಸ ಆಗ್ಲಿ ಅಂದ.

ನಿನ್ನವನು


ಜೂನ್ ೨೯

ರೀ,

ಪುಸ್ತಕ ಕೊಟ್ಟೆ. ನಿನ್ನೆ ತೆಗೆದುಕೊಂಡರು. ಆಕ್ಷೇಪಣೆ ಇಲ್ಲ.

ಮೇ ತಿಂಗಳ ಪತ್ರ ಬಂದ ಮೇಲೆ ಕೆಲವು ದಿನ ಯಂತ್ರದ ಹತ್ತಿರ ಹೋಗಲಿಲ್ಲ. ಅದರ ಮೇಲೆ ಬಟ್ಟೆ ಮುಚ್ಚಿ, ಅಂಗಡಿಯ ಬಾಗಿಲು ಹಾಕಿ, ಒಳಗೆ ಅಡುಗೆಮನೆಯಲ್ಲಿ ಕೂತಿರುತ್ತಿದ್ದೆ. ಅಕ್ಕ ಬಂದು ನೋಡಿ ಪಾತ್ರೆ ತೊಳೆದಿಟ್ಟು ಹೋದರು. ಇನ್ನೊಂದು ದಿನ ಬಂದು, "ಅವನನ್ನು ಬಿಡಿಸೋಕೆ ಇಷ್ಟ ಇಲ್ವಾ ನಿಂಗೆ?" ಅಂದರು. ಇದೆ ಎಂದೆ. "ಮತ್ತೆ ಎದ್ದು ಕೆಲಸ ನೋಡು" ಅಂದರು. ಅವರಿಗೆ ನಾನು ಏನೂ ಹೇಳಲಿಲ್ಲ. ಹೇಳಿದರೆ ಒಬ್ಬರ ಭಾರ ಇಬ್ಬರದಾಗುತ್ತಿತ್ತು, ಕಡಿಮೆ ಆಗುತ್ತಿರಲಿಲ್ಲ.

ವಕೀಲರಿಗೆ ಹೇಳಲು ಹೋದೆ. "ಸಾರ್, ಆ ನಾಲ್ಕನೇ ಕಾರಣ..." ಎನ್ನುವಷ್ಟರಲ್ಲಿ ಕೈ ಎತ್ತಿದರು. ನನ್ನ ಮುಖದಲ್ಲಿ ಏನು ಕಂಡಿತೋ. "ನೀವು ನಂಗೇನೂ ಹೇಳಿಲ್ಲ ಕಣಮ್ಮಾ. ನಾನೇನೂ ಕೇಳಿಲ್ಲ. ಪುಟ ಕಟ್ಟೋರು ಪುಟ ಕಟ್ಟಬೇಕು" ಅಂದರು. ಅವರೂ ನಿಮ್ಮ ಹಾಗೆಯೇ ಮಾತಾಡಿದರು.

ಹೋಗಿ ಕಟ್ಟಿದೆ. ಆ ಪೆಟ್ಟಿಗೆ ಕೇಳಿದಾಗಲೆಲ್ಲ ಬೇಡ ಎಂದು ಹಿಂದಕ್ಕೆ ಹೋಗಿ ಹೊರಗುಳಿದದ್ದನ್ನು ಒಳಗೆ ಸೇರಿಸಿದೆ. ನೀವು ಹೇಳಿದಂತೆ ಪೊಲೀಸರ ಹೇಳಿಕೆಯನ್ನು ಹಿಂಡಿದೆ, ಕಂಪನಿಯವರದನ್ನು ಹಿಂಡಿದೆ, ನಿಮ್ಮದನ್ನೂ ಹಿಂಡಿದೆ. ಹನ್ನೊಂದನೆಯ ಪುಟವನ್ನೂ ನಾನೇ ಕೂರಿಸಿದೆ. ಒಂದಕ್ಷರ ಅತ್ತಿತ್ತ ಮಾಡಲಿಲ್ಲ. ಅದು ನಿಮ್ಮ ಮಾತು, ಅದನ್ನು ಇಡುವುದು ತೆಗೆಯುವುದು ನನ್ನ ಕೆಲಸವಲ್ಲ.

ತಾಯಿಯ ಹೇಳಿಕೆ ಐವತ್ತೆರಡನೆಯ ಪುಟಕ್ಕೆ ಮುಗಿಯಬೇಕಿತ್ತು. ಕೊನೆಯ ಸಾಲು ಹೊರಗುಳಿಯಿತು. ಅದನ್ನು ಮಾತ್ರ ಹಿಂಡಲು ನನಗೆ ಕೈ ಬರಲಿಲ್ಲ. ಪರಿವಿಡಿ ಅಲ್ಲಾಡದಂತೆ ೫೨-ಎ ಎಂದು ಒಂದು ಹಾಳೆ ಸೇರಿಸಿ ಆ ಸಾಲನ್ನು ಅದರ ಮೇಲಿಟ್ಟೆ.

ಗುಮಾಸ್ತರು ಆ ಹಾಳೆಯನ್ನು ಬೆಳಕಿಗೆ ಹಿಡಿದು ನೋಡಿದರು. "ಇದೇನಮ್ಮಾ, ಒಂದು ಸಾಲಿಗೆ ಒಂದು ಹಾಳೆನಾ?"

"ಬೇರೆ ಕಡೆ ಹಿಡಿಸ್ತಿಲ್ಲ ಸಾರ್" ಅಂದೆ.

ಅವರು ಅದನ್ನು ಓದಿದರು. ಮುದ್ರೆ ಒತ್ತಿದರು. ಹೊಲಿಗೆ ಹಾಕುವವನನ್ನು ಕರೆದು ಇದು ಒಳಗೆ ಹೋಗದ ಹಾಗೆ ಹೊಲಿ ಎಂದು ಹೇಳಿದರು.

ನಿಮ್ಮ ಪ್ರತಿಯನ್ನು ಕಚೇರಿಯಿಂದಲೇ ಅಲ್ಲಿಗೆ ಕಳಿಸುತ್ತಾರಂತೆ. ನಾನು ಮುಂದಿನ ಭೇಟಿಗೆ ಬರುವುದೋ ಬೇಡವೋ ಇನ್ನೂ ನಿರ್ಧರಿಸಿಲ್ಲ. ಮಗಳು ಆರೋಗ್ಯವಾಗಿದ್ದಾಳೆ. ಹಲ್ಲು ಬಿದ್ದಿದೆ.

ನಿಮ್ಮವಳು


ಜುಲೈ ೧೭

ಇವಳೇ,

ನನ್ನ ಪ್ರತಿ ಬಂತು. ಕಚೇರಿಯಲ್ಲಿ ಸಹಿ ಹಾಕಿ ತೆಗೆದುಕೊಂಡೆ. ಅಧಿಕಾರಿ ನಾಲ್ಕಾರು ಪುಟ ತಿರುವಿ, "ಅಚ್ಚುಕಟ್ಟಾಗಿದೆ, ಯಾರ ಕೆಲಸ?" ಎಂದರು. ನನ್ನ ಹೆಂಡತಿಯದು ಎಂದೆ.

ಮೊದಲು ತಪ್ಪು ಹುಡುಕಿದೆ. ಏಳನೆಯ ಪುಟದಲ್ಲಿ ಶೀರ್ಷಿಕೆ ಕೂದಲೆಳೆಯಷ್ಟು ಎಡಕ್ಕೆ ಸರಿದಿದೆ. ಮೂವತ್ತರಲ್ಲಿ ಬಿಳಿ ಸ್ವಲ್ಪ ಹೆಚ್ಚಾಗಿದೆ. ಇವೆರಡು ಬಿಟ್ಟರೆ ನಾನು ಮಾಡಿದ್ದರೂ ಇದಕ್ಕಿಂತ ಚೆನ್ನಾಗಿ ಬರುತ್ತಿರಲಿಲ್ಲ. ಎಲ್ಲ ಪುಟಗಳೂ ಒಂದೇ ಬೂದು.

೫೨-ಎ ಹಾಳೆಯನ್ನೂ ಕಣ್ಣು ಕಿರಿದು ಮಾಡಿಯೇ ನೋಡಿದೆ. ಕಿರಿದು ಮಾಡಿದರೆ ಅದರಲ್ಲಿ ಏನೂ ಇರಲಿಲ್ಲ, ಬರೀ ಬಿಳಿ. ಕಣ್ಣು ಬಿಡಬೇಕಾಯಿತು.

ಆ ತಾಯಿಯನ್ನು ಪ್ರಶ್ನಿಸಿದವರು ನಮ್ಮ ವಕೀಲರೇ. ನಿನಗೆ ಲೇಬಲ್ ಓದಲು ಬರುತ್ತದೆಯೇ ಎಂದು ಅವರು ಕೇಳಿದಾಗ ನಾನು ಕಟಕಟೆಯಲ್ಲಿ ನಿಂತು ನೆಲದ ಕಲ್ಲುಗಳ ಜೋಡಣೆ ನೋಡುತ್ತಿದ್ದೆ. ಅವಳು ಏನೋ ಹೇಳಿದಳು. ಸದ್ದು ಬಂದದ್ದು ನೆನಪಿದೆ. ಆ ಸದ್ದು ಏನಾಗಿತ್ತೆಂದು ಈಗ ನಿನ್ನ ಹಾಳೆಯ ಮೇಲೆ ಇದೆ. ‘ಬರುತ್ತದೆ. ಎರಡು ಸಲ ಓದಿ, ಆಮೇಲೆ ಕೊಟ್ಟೆ.’

ಅದಾದ ಮೇಲೆ ಪುಸ್ತಕವನ್ನು ಮೊದಲಿಂದ ಓದಿದೆ.

ಇನ್ನೊಂದು ತಿದ್ದುಪಡಿ ಇದೆ. ವಿಚಾರಣೆಗೆ ಮೊದಲು ಪುಟ ಬದಲಿಸಿ ಕೊಡಲು ಅವಕಾಶ ಇರುತ್ತದೆಂದು ಪಕ್ಕದ ಕೊಠಡಿಯ ಹಳಬ ಹೇಳಿದ. ಯಾವ ಪುಟವೆಂದು ಕೇಳಿ, ನಾನು ಹೇಳಿದ ಮೇಲೆ, ನಿಂಗೆ ತಲೆ ಕೆಟ್ಟಿದೆಯಾ ಎಂದೂ ಕೇಳಿದ. ವಕೀಲರಿಗೆ ಬೇರೆ ಪತ್ರ ಬರೆದಿದ್ದೇನೆ. ಅವರು ಕೂಗಾಡುತ್ತಾರೆ. ಕೂಗಾಡಲಿ, ನೀನು ಎದುರು ಮಾತಾಡಬೇಡ. ಉಳಿದ ಮೂರು ಅಲಂಕಾರವೆಂದು ನನಗೂ ಗೊತ್ತು. ಮಗಳಿಗೆ ಏನು ಹೇಳಬೇಕೆಂದು ಮಾತ್ರ ನನಗೆ ಹೊಳೆಯುತ್ತಿಲ್ಲ. ಹಲ್ಲು ಮತ್ತೆ ಬರುತ್ತದೆಂದು ಹೇಳು.

ನಾಲ್ಕನೆಯ ಕಾರಣವಿರುವ ಹನ್ನೊಂದನೆಯ ಪುಟ ತೆರೆ. ಪುಟವನ್ನು ಅಳಿಸಬೇಡ; ಅಳಿಸಿದರೆ ಮುಂದಿನವೆಲ್ಲ ಒಂದೊಂದು ಹೆಜ್ಜೆ ಹಿಂದೆ ಸರಿದು ಪರಿವಿಡಿ ಸುಳ್ಳಾಗುತ್ತದೆ. ಕಪ್ಪು ಬಾಣದಿಂದ ಬಾಕ್ಸನ್ನು ಮಾತ್ರ ಹಿಡಿದು ತೆಗೆ. ಪುಟಸಂಖ್ಯೆ ಮಾಸ್ಟರ್ ಪೇಜಿನಿಂದ ಬರುವುದರಿಂದ ಅದು ಹಾಗೇ ಉಳಿಯುತ್ತದೆ. ಬರೀ ಖಾಲಿ ಹಾಳೆ ಕೊಟ್ಟರೆ ಅಚ್ಚು ಬಿಟ್ಟುಹೋಗಿದೆಯೆಂದು ಗುಮಾಸ್ತರು ವಾಪಸ್ಸು ಕಳಿಸಬಹುದು. ಇಂಥ ಕಡೆ ಪುಟದ ನಡುವೆ ಒಂದು ಸಾಲು ಹಾಕುವುದು ನಮ್ಮ ಕೆಲಸದಲ್ಲಿ ರೂಢಿ. ಹನ್ನೆರಡು ಪಾಯಿಂಟು ಸಾಕು, ದಪ್ಪ ಅಕ್ಷರ ಬೇಡ. ಹೀಗೆ:

ಈ ಪುಟವನ್ನು ಬೇಕೆಂದೇ ಖಾಲಿ ಬಿಡಲಾಗಿದೆ.

ನಿನ್ನವನು